ಗಂಜಿನ ‘ಮಂದಿ’ಯೂ ಷೇರುಪೇಟೆಯ ಕರಡಿಯೂ

ಪ್ರಶ್ನೆ: ‘ಮಾರುಕಟ್ಟೆ ಬೇರಿಶ್ ಆಗಿದೆ’ ಎಂದು ಟಿ.ವಿ.ಯಲ್ಲಿ ದಿನವೂ ಹೇಳುತ್ತಾರೆ. ನಮ್ಮ ಅಡತಿಯವರು (ದಲಾಲಿ ವ್ಯಾಪಾರಿಗಳು) ‘ತೊಗರಿ ಮಂದಿಯಲ್ಲಿದೆ’ ಎನ್ನುವುದೂ ಅದೇ ಅರ್ಥದಲ್ಲಿಯೇ? ಇದರಲ್ಲಿ ಕರಡಿ ಎಲ್ಲಿಂದ ಬಂತು?
– ಓದುಗರೊಬ್ಬರು, ಕಲಬುರಗಿ

ಹತ್ತಿರದ ಮಾತುಗಳು, ಆದರೆ ಒಂದೇ ಅಲ್ಲ. ನಿಮ್ಮೂರಿನ ಧಾನ್ಯದ ಪೇಟೆ ನೆಹರೂ ಗಂಜಿನಲ್ಲಿ ‘ಮಂದಿ’ ಎಂದರೆ ದರ ಬಿದ್ದಿದೆ, ಕೊಳ್ಳುವವರು ಕಡಿಮೆ. (ಹಿಂದಿಯಿಂದ ಬಂದ ಪದವಿದು. ನಮ್ಮಲ್ಲಿ ಮಂದಿ ಎಂದರೆ ಜನ. ಹೀಗಾಗಿ ಮಂದಿ ಬಂದಾಗ ಅಂಗಡಿಗೆ ಮಂದಿ ಬರುವುದಿಲ್ಲ!) ‘ಬೇರಿಶ್’ (ಇಂಗ್ಲಿಷಿನಲ್ಲಿ ‘ಬೇರ್’ ಎಂದರೆ ಕರಡಿ) ಎನ್ನುವುದು ದರ ಇನ್ನು ಮುಂದೆ ಇಳಿಯುತ್ತದೆ ಎಂಬ ಎಣಿಕೆ. ಇಂದು ದರ ಏರಿದ್ದರೂ ವ್ಯಾಪಾರಿಯೊಬ್ಬ ಬೇರಿಶ್ ಆಗಿರಬಹುದು.

ಕರಡಿ ಪಂಜದಿಂದ ಕೆಳಕ್ಕೆ ಬಡಿಯುತ್ತದೆ, ಗೂಳಿ ಕೊಂಬಿನಿಂದ ಮೇಲಕ್ಕೆ ಎಸೆಯುತ್ತದೆ ಎಂಬ ವಿವರಣೆಯನ್ನು ನೀವು ಕೇಳಿರಬಹುದು. ನೆನಪಿಡಲು ಚೆನ್ನಾಗಿದೆ, ಅಷ್ಟೆ. ಪದದ ಬೇರು ಇರುವುದು ‘ಕರಡಿ ಹಿಡಿಯುವ ಮೊದಲೇ ಚರ್ಮ ಮಾರಬೇಡ’ ಎಂಬ ಹಳೆಯ ಯುರೋಪಿಯನ್ ಗಾದೆಯಲ್ಲಿ. ನಮ್ಮ ‘ಕೂಸು ಹುಟ್ಟುವ ಮುಂಚೆ ಕುಲಾವಿ’ಗೆ ಅದು ದಾಯಾದಿ. 18ನೆಯ ಶತಮಾನದ ಆರಂಭದ ಲಂಡನ್ನಿನಲ್ಲಿ, ಕೈಯಲ್ಲಿಲ್ಲದ ಷೇರನ್ನು ಮುಂದೆ ಕೊಡುವುದಾಗಿ ಮಾರುವವನನ್ನು ಕರಡಿಚರ್ಮದ ವ್ಯಾಪಾರಿ ಎಂದು ಕರೆದರು. 1720ರಲ್ಲಿ ಸೌತ್ ಸೀ ಎಂಬ ಕಂಪನಿಯ ಷೇರು ಕುಸಿದ ಹೊತ್ತಿಗೆ ಚರ್ಮ ಕಳಚಿ, ಬರೀ ಕರಡಿ ಉಳಿದಿತ್ತು. ದರ ಏರುತ್ತದೆಂದು ಎಣಿಸುವ ಗೂಳಿ ಅದಕ್ಕೆ ಜೋಡಿಯಾಗಿ ಆಮೇಲೆ ಬಂತು.

ಕರಡಿಯ ಲೆಕ್ಕವನ್ನು ತೊಗರಿಯಲ್ಲೇ ಹಾಕೋಣ. ನನ್ನ ಬಳಿ ಒಂದು ಕಾಳೂ ಇಲ್ಲ. ಮುಂದಿನ ತಿಂಗಳು ಕ್ವಿಂಟಲ್‌ಗೆ 8,000 ರೂಪಾಯಿಯಂತೆ ಕೊಡುತ್ತೇನೆಂದು ಮಾತು ಕೊಡುತ್ತೇನೆ. ಅಷ್ಟರಲ್ಲಿ ದರ 7,000ಕ್ಕೆ ಇಳಿದರೆ, ಅಲ್ಲೇ ಕೊಂಡು ಒಪ್ಪಿಸಿ ಸಾವಿರ ಉಳಿಸಿಕೊಳ್ಳುತ್ತೇನೆ. 9,000ಕ್ಕೆ ಏರಿದರೆ ಕೈಯಿಂದ ಸಾವಿರ ಕಟ್ಟಬೇಕು.

ಬಳಕೆಯಲ್ಲಿ ಒಂದು ಎಚ್ಚರ ಬೇಕು. ಒಂದು ದಿನ ಸೂಚ್ಯಂಕ ಇಳಿದರೆ ಪತ್ರಿಕೆಗಳು ‘ಕರಡಿ ಕುಣಿತ’ ಎಂದು ಬರೆದುಬಿಡುತ್ತವೆ. ವಾಡಿಕೆಯಂತೆ, ಈಚಿನ ಶಿಖರದಿಂದ ಶೇ 20ರಷ್ಟಾದರೂ ಬಿದ್ದರೆ ಮಾತ್ರ ಅದು ಕರಡಿ ಮಾರುಕಟ್ಟೆ. 2020ರ ಜನವರಿಯಲ್ಲಿ 42 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26 ಸಾವಿರದ ಕೆಳಗಿಳಿದದ್ದಕ್ಕೆ ಆ ಹೆಸರು ಧಾರಾಳವಾಗಿ ಸಲ್ಲುತ್ತದೆ.

ಇನ್ನು ಗಂಜಿನ ಮಾತು. ತೊಗರಿಯ ವಾಯಿದಾ ವಹಿವಾಟನ್ನು (ಇಂದೇ ದರ ಗೊತ್ತುಮಾಡಿ ಮುಂದೆ ಕೊಡುವ ಒಪ್ಪಂದವನ್ನು) 2007ರಲ್ಲೇ ನಿಲ್ಲಿಸಿದ್ದರಿಂದ, ಚರ್ಮ ಮಾರುವ ಕರಡಿಗೆ ಅಲ್ಲಿ ಅಧಿಕೃತ ಅಂಗಳವಿಲ್ಲ. ದರ ಇನ್ನೂ ಬೀಳುತ್ತದೆಂದು ಹೆದರಿ ರಾಶಿ ಮುಗಿದ ವಾರವೇ ಚೀಲ ತಂದು ಇಳಿಸುವ ರೈತನ ಎಣಿಕೆಯೂ ಬೇರಿಶ್ ಎಣಿಕೆಯೇ. ಆದರೆ ಅವನು ಮಾರುವ ತೊಗರಿ ತಕ್ಕಡಿಯ ಮೇಲೆ ಇರುತ್ತದೆ.