ಹಕ್ಕಿಜ್ವರ ಬಂದರೆ ಅಲ್ಲಿ ಮೊಟ್ಟೆ ತುಟ್ಟಿ, ಇಲ್ಲಿ ಅಗ್ಗ. ಯಾಕೆ?

2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್‌ಗೆ ಏರಿತು. ಅಲ್ಲಿ ಅದೊಂದು ದಾಖಲೆ. ಹೆಚ್ಚೂಕಡಿಮೆ ಅದೇ ದಿನಗಳಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ, ನಮ್ಮ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಇಲ್ಲಿ ಮಾತ್ರ ಜನ ಹೆದರಿ ಕೋಳಿ, ಮೊಟ್ಟೆ ಕೊಳ್ಳುವುದನ್ನೇ ಕಡಿಮೆ ಮಾಡಿದರು, ದರ ಇಳಿಯಿತು. ರೋಗ ಒಂದೇ, ದರದ ದಾರಿ ಬೇರೆ ಬೇರೆ. ಕೋಳಿ ವೈದ್ಯನಾಗಿ ನನ್ನನ್ನು ಜಾಸ್ತಿ ಜನ ಕೇಳುವ ಪ್ರಶ್ನೆ ಇದು.

ಅಮೆರಿಕದಲ್ಲಿ ಒಂದೇ ಜಾಗದಲ್ಲಿ ಹತ್ತಿಪ್ಪತ್ತು ಲಕ್ಷ ಲೇಯರ್ (ಮೊಟ್ಟೆ ಇಡುವ) ಕೋಳಿ ಸಾಕುವ ಫಾರಂಗಳಿವೆ. ಒಂದು ಶೆಡ್‌ನಲ್ಲಿ ವೈರಸ್ ಸಿಕ್ಕರೂ ಅಲ್ಲಿರುವ ಅಷ್ಟೂ ಕೋಳಿ ಕೊಲ್ಲಬೇಕು, ಅದು ನಿಯಮ. 2025ರ ಮೊದಲ ಎರಡು ತಿಂಗಳಲ್ಲೇ ಮೂರು ಕೋಟಿಗೂ ಹೆಚ್ಚು ಮೊಟ್ಟೆ ಕೋಳಿ ಹೋದವು. ದೇಶದಲ್ಲಿ ಇದ್ದದ್ದೇ ಸುಮಾರು ಮೂವತ್ತು ಕೋಟಿ. ಹೊಸ ಮರಿ ಮೊಟ್ಟೆ ಇಡೋಕೆ 18ರಿಂದ 20 ವಾರ ಬೇಕು. ದರ ಏರದೆ ಇನ್ನೇನು?

ಇದರ ಮೇಲೆ ಇನ್ನೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಪಂಜರದಲ್ಲಿ ಸಾಕಿದ ಕೋಳಿಯ ಮೊಟ್ಟೆ ಮಾರುವಂತಿಲ್ಲ. ಕೋಳಿಗೆ ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಅಂಥ ಫಾರಂಗಳಿಗೆ ರೋಗ ಬಡಿದರೆ ಪಕ್ಕದ ರಾಜ್ಯದ ಪಂಜರದ ಮೊಟ್ಟೆ ತಂದು ತುಂಬಿಸೋಕೆ ಆಗಲ್ಲ. ನೆವಾಡಾ ಅದಕ್ಕೇ 2025ರ ಫೆಬ್ರವರಿಯಲ್ಲಿ ತನ್ನ ಇಂಥದೇ ಕಾನೂನನ್ನು ಕೆಲಕಾಲ ಬದಿಗಿಟ್ಟಿತು.

ನಮ್ಮಲ್ಲಿ ಭೋಪಾಲದ ಸರ್ಕಾರಿ ಪ್ರಯೋಗಾಲಯ ರೋಗ ಖಚಿತಪಡಿಸಿದ ಮೇಲೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ. ಅಂಗಳದ ನಾಟಿ ಕೋಳಿಯೂ ಬಿಡಲ್ಲ. ಹತ್ತು ಕಿಲೋಮೀಟರ್‌ವರೆಗೆ ನಿಗಾ. ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆ, ಫೀಡ್‌ಗೆ ಕೇಂದ್ರ, ರಾಜ್ಯ ಅರ್ಧರ್ಧ ಪರಿಹಾರ ಕೊಡುತ್ತವೆ. ಅಧಿಕಾರಿಗಳು ಬರುವ ಮೊದಲೇ ಸತ್ತದ್ದಕ್ಕೆ ಕಾಸಿಲ್ಲ. ಶೆಡ್ ಖಾಲಿ ಬಿದ್ದ ತಿಂಗಳುಗಳಿಗೂ ಇಲ್ಲ.

ಎಡವುವುದು ಇಲ್ಲೇ. ಲೇಯರ್ ಶೆಡ್‌ನಲ್ಲಿ ಮೊದಲು ಫೀಡ್ ಉಳಿಯತೊಡಗುತ್ತದೆ. ಮೊಟ್ಟೆ ಇಳಿಯುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ಆಮೇಲೆ ಜುಟ್ಟು ನೀಲಿಗಟ್ಟಿ ಕೋಳಿ ಸಾಲಾಗಿ ಸಾಯುತ್ತವೆ. ಫೀಡ್ ಉಳಿದ ದಿನವೇ ಫೋನ್ ಮಾಡಿದರೆ ಊರಿಗೆ ಲಾಭ, ರೈತನಿಗೆ ಮಾತ್ರ ಸಾಲ. ‘ಸೆಕೆ ಇರಬೇಕು, ಎರಡು ದಿನ ನೋಡೋಣ ಸಾರ್’ ಅಂತಾನೆ. ಆ ಎರಡು ದಿನದಲ್ಲಿ ಗೊಬ್ಬರದ ಲಾರಿ ಬಂದು ಹೋಗಿರುತ್ತದೆ, ಹಳೇ ಕೋಳಿ ಒಯ್ಯುವವನ ಕ್ರೇಟ್ ಮೂರು ಫಾರಂ ಸುತ್ತಿರುತ್ತದೆ. ಸಂತೆಯಿಂದ ವಾಪಸ್ ಬಂದ ಹಿಕ್ಕೆ ಅಂಟಿದ ಟ್ರೇ ಬೇರೆ. ವೈರಸ್ ಹಬ್ಬುವುದು ಹೀಗೆ. ರೋಗ ತಂದಿತು ಅಂತ ವಲಸೆ ಹಕ್ಕಿಯನ್ನು ಬೈಯುವುದು ಸುಲಭ, ಅಲ್ವಾ?

ಅಮೆರಿಕ 2024ರ ಡಿಸೆಂಬರ್‌ನಲ್ಲಿ ಒಂದು ಷರತ್ತು ಹಾಕಿತು. ಒಮ್ಮೆ ರೋಗ ಬಂದ ಫಾರಂ ಮತ್ತೆ ಕೋಳಿ ತುಂಬುವ ಮುನ್ನ ಸ್ವಚ್ಛತೆ, ಓಡಾಟದ ಕಟ್ಟುಪಾಡಿನ ತಪಾಸಣೆಯಲ್ಲಿ ಪಾಸಾಗಬೇಕು. ಇಲ್ಲದಿದ್ದರೆ ಮುಂದಿನ ಸಲ ಪರಿಹಾರ ಇಲ್ಲ. ಇದು ನನಗೆ ಹಿಡಿಸಿತು. ಆದರೆ ನಮ್ಮಲ್ಲಿ ಇದನ್ನಷ್ಟೇ ತಂದರೆ ಸಣ್ಣ ರೈತ ಇನ್ನೂ ಮುಚ್ಚಿಡುತ್ತಾನೆ. ಮೊದಲ ದಿನ ತಿಳಿಸಿದವನಿಗೆ ಪರಿಹಾರ ಬೇಗ, ಜಾಸ್ತಿ ಸಿಗಬೇಕು. ಗೇಟಿನಲ್ಲಿ ಟೈರ್ ತೊಳೆಯುವ ತೊಟ್ಟಿ ಕಟ್ಟಿದವನಿಗೆ ಇನ್ನಷ್ಟು.

ಲಸಿಕೆ? ಫ್ರಾನ್ಸ್ 2023ರ ಅಕ್ಟೋಬರ್‌ನಿಂದ ಬಾತುಕೋಳಿಗೆ ಹಾಕುತ್ತಿದೆ, ಅಲ್ಲಿ ರೋಗ ತೀರಾ ಕಡಿಮೆಯಾಯಿತು. ಇಲ್ಲಿ ಈ ಹಕ್ಕಿಜ್ವರದ ವೈರಸ್ ಎಚ್5ಎನ್1ಗೆ ಲಸಿಕೆ ಹಾಕುವಂತಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಹಳದಿ ಗಟ್ಟಿಯಾಗುವವರೆಗೆ ಬೇಯಿಸಿದ ಮೊಟ್ಟೆಯಲ್ಲಿ ಈ ವೈರಸ್ ಉಳಿಯಲ್ಲ. ಸುಮ್ನೆ ಹೆದರಿ ಮೊಟ್ಟೆ ಬಿಟ್ಟರೆ ದರ ಬೀಳುವುದು ರೋಗವೇ ಇಲ್ಲದ ಫಾರಂನವನಿಗೆ. ಫೀಡ್ ದುಡ್ಡೂ ಹುಟ್ಟದೆ ಅವನು ಮೊಟ್ಟೆ ಇಡುತ್ತಿರುವ ಕೋಳಿಯನ್ನೇ ಮಾರಿದರೆ, ನಾಲ್ಕಾರು ತಿಂಗಳ ಮೇಲೆ ನೀವೇ ತುಟ್ಟಿ ಮೊಟ್ಟೆ ಕೊಳ್ಳುತ್ತೀರಿ.