ಶುಂಠಿ ಟೀ ಒಡೆದರೆ ಹಾಲಿನವರನ್ನು ಬೈಯಬೇಡಿ

ಪ್ರಶ್ನೆ: ಮಸಾಲಾ ಟೀಗೆ ಶುಂಠಿ ಹಾಕಿದಾಗ ಒಂದೊಂದು ದಿನ ಹಾಲು ಒಡೆದುಹೋಗುತ್ತದೆ, ಒಂದೊಂದು ದಿನ ಏನೂ ಆಗುವುದಿಲ್ಲ. ಹಾಲೂ ಅದೇ, ಶುಂಠಿಯೂ ಅದೇ. ಪ್ಯಾಕೆಟ್ ಹಾಲಿಗೆ ಏನಾದರೂ ಬೆರೆಸಿರುತ್ತಾರಾ?

ಮಳೆಗಾಲ ಹಿಡಿಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹಿಂದೆಯೂ ಉತ್ತರಿಸಿದ್ದೇನೆ, ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಆತುರದಲ್ಲಿರುವವರಿಗೆ ಒಂದೇ ಮಾತು: ಜಜ್ಜಿದ ಹಸಿ ಶುಂಠಿಯನ್ನು ನೀರಲ್ಲಿ ಚೆನ್ನಾಗಿ ಕುದಿಸಿ, ಹಾಲು ಆಮೇಲೆ ಹಾಕಿ. ಒಡೆಯುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಯಾರಾದರೊಬ್ಬರು, "ಶುಂಠಿಯಲ್ಲಿ ಹುಳಿ ಇದೆಯಲ್ಲ, ನಿಂಬೆಹಣ್ಣು ಹಿಂಡಿದ ಹಾಗೆ ಹಾಲು ಒಡೆಯುತ್ತೆ" ಎನ್ನುತ್ತಾರೆ. ಎಷ್ಟು ಸಲ ಅಲ್ಲಗಳೆದರೂ ಈ ಮಾತು ಸಾಯುವುದಿಲ್ಲ. ಒಂದು ಚೂರು ಶುಂಠಿ ಅಗಿದು ನೋಡಿ. ಖಾರ ಇದೆ, ಘಾಟು ಇದೆ, ಹುಳಿ ಎಲ್ಲಿದೆ? ನಾಲಿಗೆಯ ಮೇಲೆ ನಂಬಿಕೆ ಇಲ್ಲದಿದ್ದರೆ ಲೆಕ್ಕವನ್ನೇ ನೋಡೋಣ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಹೆಚ್ಚು. ಹಾಲಿನ ಪಿಎಚ್ ಸುಮಾರು 6.7. ಅದು 4.6ರ ಹತ್ತಿರಕ್ಕೆ ಇಳಿದಾಗ ಹಾಲಿನ ಕೇಸಿನ್ ಪ್ರೋಟೀನ್ ಗಟ್ಟಿಯಾಗಿ ಬೇರೆಯಾಗುತ್ತದೆ. ಬಿಸಿ ಹಾಲಾದರೆ ಇನ್ನೂ ಸ್ವಲ್ಪ ಮೊದಲೇ. ಬರೀ ಟೀ ಡಿಕಾಕ್ಷನ್ನಿನ ಪಿಎಚ್ ಸುಮಾರು 5. ಅಂದರೆ ನಾವು ದಿನವೂ ಹಾಲನ್ನು ಸುರಿಯುವ ಡಿಕಾಕ್ಷನ್ನೇ ತಕ್ಕಮಟ್ಟಿಗೆ ಆಮ್ಲೀಯ. ಅದರಲ್ಲಿ ಒಡೆಯದ ಹಾಲು ಒಂದಿಂಚು ಶುಂಠಿಯ ಹುಳಿಗೆ ಒಡೆಯುತ್ತದೆಯೇ?

ಇನ್ನೂ ಒಪ್ಪದವರು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಶುಂಠಿ ತುರಿದು ಹಿಂಡಿ, ಎರಡು ಚಮಚ ರಸ ತೆಗೆಯಿರಿ. ಒಂದು ಚಮಚ ರಸವನ್ನು ಹಾಗೇ ಬಟ್ಟಲಿಗೆ ಹಾಕಿ. ಇನ್ನೊಂದು ಚಮಚಕ್ಕೆ ಸ್ವಲ್ಪ ನೀರು ಬೆರೆಸಿ, ಎರಡು ನಿಮಿಷ ಕುದಿಸಿ ಬೇರೆ ಬಟ್ಟಲಿಗೆ ಹಾಕಿ. ಹಾಲನ್ನು ಕಾಯಿಸಿ, ಕುದಿ ಇಳಿದು ಇನ್ನೂ ಚುರುಕಾಗಿ ಬಿಸಿ ಇರುವಾಗ ಎರಡಕ್ಕೂ ಅರ್ಧರ್ಧ ಲೋಟ ಸುರಿದು, ಅಲುಗಾಡಿಸದೆ ಬಿಡಿ. ಹತ್ತು ನಿಮಿಷದಲ್ಲಿ ಹಸಿ ರಸದ ಬಟ್ಟಲಿನ ಹಾಲು ಎಳೆ ಗಿಣ್ಣಿನಂತೆ ಗಟ್ಟಿಯಾಗಿ ನಡುಗುತ್ತಿರುತ್ತದೆ. ಕುದಿಸಿದ ರಸದ ಬಟ್ಟಲಿನಲ್ಲಿ ಹಾಲು ಹಾಲಾಗಿಯೇ ಇರುತ್ತದೆ. ಕುದಿಸಿದರೆ ಹುಳಿ ಹೋಗುವುದಿಲ್ಲ. ನಿಂಬೆರಸ ಹಾಕಿದ ಸಾರು ಕುದಿದರೂ ಹುಳಿಯಾಗಿಯೇ ಇರುತ್ತದಲ್ಲ! ಹಾಗಾದರೆ ಕುದಿಸಿದಾಗ ಹೋಗಿದ್ದು ಬೇರೇನೋ.

ಅದು ಜಿಂಜಿಬೈನ್ ಎಂಬ ಕಿಣ್ವ, ಪ್ರೋಟೀನನ್ನು ಕತ್ತರಿಸುವ ಜಾತಿಯದು. ಮಟನ್ ಬೇಗ ಬೇಯಲಿ ಎಂದು ಪರಂಗಿಕಾಯಿ ಅರೆದು ಹಚ್ಚುತ್ತೇವಲ್ಲ, ಅದರಲ್ಲಿರುವ ಪಪೈನ್ ಇದರ ಹತ್ತಿರದ ಸಂಬಂಧಿ. ಹಾಲಿನಲ್ಲಿ ಕೇಸಿನ್ನಿನ ಕಣಗಳು ಒಂದಕ್ಕೊಂದು ಅಂಟದಂತೆ ಮೇಲೊಂದು ಪದರ ಕಾಯುತ್ತಿರುತ್ತದೆ. ಜಿಂಜಿಬೈನ್ ಆ ಪದರವನ್ನು ಕತ್ತರಿಸಿದ ಮೇಲೆ ಕಣಗಳು ಗುಂಪುಗೂಡುತ್ತವೆ, ನಮ್ಮ ಕಣ್ಣಿಗೆ ಹಾಲು ಒಡೆದಂತೆ ಕಾಣುತ್ತದೆ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇದನ್ನೇ ಬಳಸಿ, ಶುಂಠಿ ರಸಕ್ಕೆ ಬಿಸಿ ಹಾಲು ಸುರಿದು ಸಿಹಿ ತಿನಿಸು ಮಾಡುತ್ತಾರೆ.

ಒಂದೊಂದು ದಿನ ಮಾತ್ರ ಒಡೆಯುವುದೇಕೆ ಎಂಬುದೂ ಇಲ್ಲೇ ತಿಳಿಯುತ್ತದೆ. ಈ ಕಿಣ್ವಕ್ಕೆ 60ರಿಂದ 70 ಡಿಗ್ರಿ ಶಾಖ ಬಹಳ ಹಿತ. ಕುದಿಯುವ ಶಾಖಕ್ಕೆ ನಾಶವಾಗುತ್ತದೆ. ಫ್ರಿಜ್ಜಿನ ಹಾಲಿಗೆ ಶುಂಠಿ ಜಜ್ಜಿ ಹಾಕಿ, ಉರಿ ಸಣ್ಣಗಿಟ್ಟು, ಫೋನಿನಲ್ಲಿ ಮಾತಾಡುತ್ತ ನಿಂತರೆ ಹಾಲು ಆ ಹತ್ತು ಡಿಗ್ರಿಯನ್ನು ನಿಧಾನವಾಗಿ ದಾಟುತ್ತದೆ, ಕಿಣ್ವಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಮರುದಿನ ಅದೇ ಶುಂಠಿಯನ್ನು ಕೊತಕೊತ ಕುದಿಯುವ ಹಾಲಿಗೆ ಹಾಕಿದರೆ ಏನೂ ಆಗದಿರಬಹುದು. ಒಣ ಶುಂಠಿಯಲ್ಲಿ ಕಿಣ್ವದ ಶಕ್ತಿ ಬಹುಪಾಲು ಕುಂದಿರುವುದರಿಂದ ಈ ತಾಪತ್ರಯ ಕಡಿಮೆ. ಇನ್ನು ಹಾಲೇ ಹಳತಾಗಿದ್ದರೆ ಶುಂಠಿ ಇಲ್ಲದೆಯೂ ಒಡೆಯುತ್ತದೆ. ಅನುಮಾನವಿದ್ದರೆ ಒಂದು ಸೌಟು ಹಾಲನ್ನು ಬೇರೆಯಾಗಿ ಕಾಯಿಸಿ ನೋಡಿ. ಅದು ಒಡೆಯದೆ ಟೀ ಮಾತ್ರ ಒಡೆದರೆ ಪ್ಯಾಕೆಟ್ಟಿನ ತಪ್ಪೇನೂ ಇಲ್ಲ.

ಈಗ ಟೀ. ಇಬ್ಬರಿಗೆ ಒಂದೂಕಾಲು ಲೋಟ ನೀರು, ಒಂದು ಲೋಟ ಹಾಲು. ಒಂದಿಂಚು ಶುಂಠಿ, ಮೂರು ಏಲಕ್ಕಿ, ನಾಲ್ಕು ಕಾಳುಮೆಣಸು, ಒಂದು ಲವಂಗ, ಉಗುರಿನಷ್ಟು ಚಕ್ಕೆ. ಮಸಾಲೆಯನ್ನು ಆಗಿಂದಾಗಲೇ ಕುಟ್ಟಬೇಕು. ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟ ಪುಡಿಯಲ್ಲಿ ಖಾರ ಉಳಿದರೂ ಏಲಕ್ಕಿಯ ಪರಿಮಳ ಹಾರಿಹೋಗಿರುತ್ತದೆ. ಇವೆಲ್ಲ ನೀರಲ್ಲಿ ನಾಲ್ಕೈದು ನಿಮಿಷ ಕುದಿಯಲಿ. ನೀರು ತಿಳಿಹಳದಿಗೆ ತಿರುಗಿ, ಶುಂಠಿಯ ಘಾಟು ಮೂಗಿಗೆ ಬಡಿದ ಮೇಲೆ ಎರಡು ಚಿಕ್ಕ ಚಮಚ ಟೀ ಪುಡಿ ಹಾಕಿ. ಹಾಲಿನ ಟೀಗೆ ಸಿಟಿಸಿ, ಅಂದರೆ ಎಲೆಯನ್ನು ಯಂತ್ರದಲ್ಲಿ ಜಜ್ಜಿ ಸಣ್ಣ ಕಾಳಿನಂತೆ ಮಾಡಿದ ಪುಡಿಯೇ ಸರಿ. ಹಾಲಿನ ಪ್ರೋಟೀನ್ ಟೀಯ ಒಗರನ್ನು ಹಿಡಿದುಕೊಳ್ಳುವುದರಿಂದ ನವಿರಾದ ಎಲೆ ಟೀ ಅಲ್ಲಿ ಸಪ್ಪೆಯಾಗುತ್ತದೆ. ಪುಡಿ ಹಾಕಿದ ಮೇಲೆ ಎರಡು ನಿಮಿಷ ಸಾಕು, ಹತ್ತು ನಿಮಿಷ ಕುದಿಸಿದರೆ ಹೆಚ್ಚುವುದು ಒಗರು ಮಾತ್ರ. ಆಮೇಲೆ ಹಾಲು ಹಾಕಿ, ಎರಡು ಮೂರು ಸಲ ಉಕ್ಕಿಸಿ ಇಳಿಸಿ, ಸೋಸಿ.

ನೀವು ಕೇಳಿಲ್ಲ, ಆದರೂ ಬೆಲ್ಲದ ವಿಷಯ ಹೇಳಲೇಬೇಕು. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದವರೆಲ್ಲ ಮುಂದಿನ ವಾರ ಅದನ್ನೇ ಕೇಳುತ್ತಾರೆ. ಬೆಲ್ಲದ ಟೀ ಒಡೆಯುವುದಕ್ಕೆ ಕಿಣ್ವ ಕಾರಣವಲ್ಲ. ಬೆಲ್ಲದಲ್ಲಿ ಹುಳಿಯ ಅಂಶವೂ ಇದೆ, ಖನಿಜಗಳೂ ಇವೆ, ಕುದಿಯುವ ಹಾಲು ಎರಡನ್ನೂ ತಡೆಯಲಾರದು. ಶುಂಠಿಗೆ ಹೊರಿಸುವ ಆರೋಪ ಇಲ್ಲಿಗೆ ಸಲ್ಲುತ್ತದೆ. ಶುಂಠಿಯ ಕಾಟಕ್ಕೆ ಕುದಿಸುವುದು ಮದ್ದು, ಬೆಲ್ಲಕ್ಕೆ ಕುದಿಸದಿರುವುದು. ಬೆಲ್ಲದ ಪಾಯಸಕ್ಕೆ ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಹಾಲು ಬೆರೆಸುವುದು ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ಟೀಗೂ ಅದೇ ಕ್ರಮ: ಸೋಸಿ, ಒಂದು ನಿಮಿಷ ಬಿಟ್ಟು, ಪುಡಿ ಮಾಡಿದ ಬೆಲ್ಲ ಹಾಕಿ ಕಲಕಿ. ಉಳಿದ ಟೀಯನ್ನು ಮತ್ತೆ ಬಿಸಿ ಮಾಡುವ ಅಭ್ಯಾಸವಿದ್ದರೆ ಬೆಲ್ಲವನ್ನು ಪಾತ್ರೆಗೆ ಹಾಕಲೇಬೇಡಿ, ಅವರವರ ಲೋಟಕ್ಕೆ ಹಾಕಿಕೊಳ್ಳಲಿ.