ಕಾರಿನ ಎಂಜಿನ್ ಮಿಸ್ಸಿಂಗ್ ಪತ್ತೆ ಮಾಡೋಕೆ ಬೇರೆ ದುಡ್ಡು ಯಾಕೆ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರು ನಿಂತಲ್ಲೇ ನಡುಗುತ್ತದೆ, ಪಿಕಪ್ ಇಲ್ಲ, ಚೆಕ್ ಎಂಜಿನ್ ದೀಪ ಹತ್ತಿಕೊಂಡಿದೆ. ಮಿಸ್ಸಿಂಗ್, ಅಂದರೆ ಎಂಜಿನ್‌ನ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಅಂತ ಹೇಳಿದರು. ಒಬ್ಬ ಮೆಕ್ಯಾನಿಕ್ ಕಿಡಿ ಹಾರಿಸುವ ಪ್ಲಗ್, ಅದಕ್ಕೆ ವೋಲ್ಟೇಜ್ ಕೊಡುವ ಕಾಯಿಲ್ ಎಲ್ಲಾ ಬದಲಿಸಿಬಿಡೋಣ ಅನ್ನುತ್ತಾರೆ. ಇನ್ನೊಬ್ಬರು ಮೊದಲು ಚೆಕ್ ಮಾಡಬೇಕು, ಅದಕ್ಕೇ ಬೇರೆ ಚಾರ್ಜ್ ಅನ್ನುತ್ತಾರೆ. ಸ್ಕ್ಯಾನರ್ ಹಾಕಿದರೆ ಎಲ್ಲಾ ಗೊತ್ತಾಗುತ್ತದೆ ಅಲ್ವಾ? ಕೊನೆಗೆ ಖರ್ಚು ಎಷ್ಟಾಗಬಹುದು?

ಉತ್ತರ: ಎರಡನೆಯವರ ಹತ್ತಿರ ಹೋಗಿ. ಮಿಸ್ಸಿಂಗ್ ವಿಷಯದಲ್ಲಿ ಪತ್ತೆಗೆ ಕೊಡುವ ದುಡ್ಡು ಸಾಮಾನ್ಯವಾಗಿ ಸಣ್ಣದು. ಊಹೆಯ ಮೇಲೆ ಕೊಳ್ಳುವ ಬಿಡಿಭಾಗಗಳೇ ಬಿಲ್ ಏರಿಸುವುದು.

ಸ್ಕ್ಯಾನರ್ ಏನು ಹೇಳುತ್ತದೆ ಅನ್ನುವುದನ್ನು ಮೊದಲು ನೋಡೋಣ. ಪ್ರತಿ ಸಿಲಿಂಡರ್ ಉರಿದಾಗಲೂ ಎಂಜಿನ್‌ನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ಗೆ ಒಂದು ತಳ್ಳು ಸಿಗುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಆ ಕ್ಷಣ ದಂಡದ ವೇಗ ಸ್ವಲ್ಪ ಕುಗ್ಗುತ್ತದೆ. ಸೆನ್ಸರ್ ಅದನ್ನು ಹಿಡಿಯುತ್ತದೆ, ಕಾರಿನ ಕಂಪ್ಯೂಟರ್ ಕೋಡ್ ಬರೆದಿಡುತ್ತದೆ. ಸ್ಕ್ಯಾನರ್ ಓದುವುದು ಅದನ್ನೇ. ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0303 ಬಂದರೆ ಮೂರನೆಯದು. ಪಿ0300 ಅಂದರೆ ಯಾವುದೋ ಒಂದಕ್ಕೆ ಸೀಮಿತವಾಗಿಲ್ಲ. ಇಷ್ಟೇ. ಯಾವ ಸಿಲಿಂಡರ್ ಅನ್ನುವುದು ಗೊತ್ತಾಯಿತು, ಯಾಕೆ ಅನ್ನುವುದು ಗೊತ್ತಾಗಲಿಲ್ಲ. ಕಿಡಿ ಬರುತ್ತಿಲ್ಲವೋ, ಪೆಟ್ರೋಲ್ ಮತ್ತು ಗಾಳಿಯ ಲೆಕ್ಕ ತಪ್ಪಿದೆಯೋ, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ನಿಲ್ಲುತ್ತಿಲ್ಲವೋ? ಮೂರಕ್ಕೂ ಅದೇ ಕೋಡ್ ಬರಬಹುದು. ಅದಕ್ಕೇ ಕೋಡ್ ಓದಿ ನೇರವಾಗಿ ಸಾಮಾನು ಬರೆದುಕೊಡುವವರನ್ನು ನಾನು ನಂಬುವುದಿಲ್ಲ.

ಪತ್ತೆ ಕೆಲಸದ ಮೊದಲ ಹೆಜ್ಜೆ ತುಂಬಾ ಸರಳ. ಈಗಿನ ಬಹಳಷ್ಟು ಪೆಟ್ರೋಲ್ ಎಂಜಿನ್‌ಗಳಲ್ಲಿ ಪ್ರತಿ ಸಿಲಿಂಡರ್‌ಗೂ ಒಂದೊಂದು ಕಾಯಿಲ್ ಇರುತ್ತದೆ. ಮೂರನೆಯದರಲ್ಲಿ ಮಿಸ್ಸಿಂಗ್ ಇದ್ದರೆ ಅದರ ಕಾಯಿಲ್ ತೆಗೆದು ಎರಡನೆಯದಕ್ಕೆ, ಎರಡನೆಯದನ್ನು ಮೂರಕ್ಕೆ ಹಾಕುತ್ತಾರೆ. ಕೋಡ್ ಅಳಿಸಿ ಗಾಡಿ ಓಡಿಸುತ್ತಾರೆ. ಈಗ ಪಿ0302 ಬಂದರೆ ಕಾಯಿಲ್ ಕೆಟ್ಟಿದೆ ಅಂತ ಖಾತ್ರಿ. ಮತ್ತೆ ಪಿ0303 ಬಂದರೆ ಕಾಯಿಲ್ ಚೆನ್ನಾಗಿದೆ, ಹೊಸದು ತರಬೇಕಿಲ್ಲ. ಪ್ಲಗ್‌ಗೂ ಇದೇ ಉಪಾಯ ನಡೆಯುತ್ತದೆ. ಸಾಮಾನಿಗೆ ಒಂದು ಪೈಸೆ ಖರ್ಚಿಲ್ಲ.

ಇಲ್ಲಿ ಸಿಗದಿದ್ದರೆ ಸಮಯ ಹಿಡಿಯುತ್ತದೆ. ಪೆಟ್ರೋಲ್ ಸಿಡಿಸುವ ಇಂಜೆಕ್ಟರ್ ನೋಡಬೇಕು, ಪೆಟ್ರೋಲ್ ಪ್ರೆಶರ್ ಅಳೆಯಬೇಕು. ಒಡೆದ ಪೈಪಿನಿಂದ ಗಾಳಿ ಸೋರುತ್ತಿದೆಯಾ ಅಂತ ಹೊಗೆ ಬಿಟ್ಟು ಹುಡುಕಬೇಕು, ಕಂಪ್ರೆಶನ್ ಟೆಸ್ಟ್ ಮಾಡಬೇಕು. ಚಾರ್ಜ್ ಹಾಕುವುದು ಈ ಗಂಟೆಗಳಿಗೆ. ಒಪ್ಪುವ ಮುಂಚೆ ಯಾವ್ಯಾವ ಟೆಸ್ಟ್ ಮಾಡುತ್ತೀರಿ, ರಿಪೇರಿ ನಿಮ್ಮಲ್ಲೇ ಮಾಡಿಸಿದರೆ ಈ ದುಡ್ಡು ಬಿಲ್‌ನಲ್ಲಿ ಕಳೆಯುತ್ತೀರಾ ಅಂತ ಕೇಳಿ. ಕಳೆಯುವವರೂ ಇದ್ದಾರೆ.

ಇನ್ನು ರಿಪೇರಿ. ಪ್ಲಗ್ ಅಗ್ಗ. ಕಾಯಿಲ್‌ಗೆ ಅದಕ್ಕಿಂತ ಜಾಸ್ತಿ. ನೇರ ಸಿಲಿಂಡರ್ ಒಳಗೇ ಪೆಟ್ರೋಲ್ ಸಿಡಿಸುವ ಎಂಜಿನ್ ಆದರೆ ಇಂಜೆಕ್ಟರ್ ಸಾಕಷ್ಟು ದುಬಾರಿ. ವಾಲ್ವ್ ಸುಟ್ಟಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳದಂಥ ಭಾಗ) ಇಳಿಸಬೇಕು, ಆ ಖರ್ಚು ಬೇರೆಯೇ ಮಟ್ಟದ್ದು. ಆದರೆ ಸಾಮಾನಿನ ಬೆಲೆ ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಅಡ್ಡಡ್ಡ ಕೂರಿಸಿದ ಕೆಲವು ವಿ6 (ಎರಡು ಸಾಲಲ್ಲಿ ಆರು ಸಿಲಿಂಡರ್) ಎಂಜಿನ್‌ಗಳಲ್ಲಿ ಹಿಂದಿನ ಸಾಲಿನ ಪ್ಲಗ್‌ಗೆ ಕೈ ಹೋಗಬೇಕಾದರೆ ಗಾಳಿ ಒಳಗೆ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕು. ಅಲ್ಲಿ ಪ್ಲಗ್‌ಗಿಂತ ಕೂಲಿಯೇ ಎಷ್ಟೋ ಜಾಸ್ತಿ. ಅಂಥ ಎಂಜಿನ್ ಬಿಚ್ಚಿದ ಮೇಲೆ ಒಂದೇ ಪ್ಲಗ್ ಬದಲಿಸಿ ಮುಚ್ಚಬೇಡಿ, ಎಲ್ಲವನ್ನೂ ಹಾಕಿಸಿ. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಅದರ ಸೀಲನ್ನೂ ಆಗಲೇ ಬದಲಿಸಿ. ಇಲ್ಲದಿದ್ದರೆ ಹೊಸ ಕಾಯಿಲ್ ಕೂಡ ಅದೇ ಆಯಿಲ್‌ನಲ್ಲಿ ಹಾಳಾಗಬಹುದು.

ಹಾಗಂತ ಮೊದಲನೆಯವರ ಮಾತು ಪೂರ್ತಿ ತಪ್ಪಲ್ಲ. ಪ್ಲಗ್ ಬದಲಿಸುವ ಕಾಲ ಮೀರಿದ್ದರೆ ಪತ್ತೆಯ ಫಲ ಏನೇ ಬರಲಿ, ಪ್ಲಗ್ ಹಾಕಿಸಿ. ಸವೆದ ಪ್ಲಗ್‌ನಲ್ಲಿ ಕಿಡಿ ಹಾರಬೇಕಾದ ಅಂತರ ಹೆಚ್ಚುತ್ತದೆ, ಕಾಯಿಲ್ ಜಾಸ್ತಿ ವೋಲ್ಟೇಜ್ ಕೊಡಬೇಕಾಗುತ್ತದೆ, ಬೇಗ ಸಾಯುತ್ತದೆ. ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಅನ್ನುವುದು ಕಾರಿನ ಪುಸ್ತಕದಲ್ಲೇ ಇರುತ್ತದೆ.

ಹೆಡ್ ಇಳಿಸಬೇಕು ಅಂದರೆ ತಕ್ಷಣ ಹೂಂ ಅನ್ನಬೇಡಿ. ಪ್ರತಿ ಸಿಲಿಂಡರ್‌ನ ಕಂಪ್ರೆಶನ್ ಅಂಕಿ ಬರೆಸಿಕೊಳ್ಳಿ. ಕಡಿಮೆ ಇರುವ ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಅಂಕಿ ಚೆನ್ನಾಗಿ ಏರಿದರೆ ದೋಷ ಪಿಸ್ಟನ್ ರಿಂಗ್ ಕಡೆ ಇರಬಹುದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ. ಹಳೆಯ ಕಾರಿಗೆ ಇಷ್ಟು ಸುರಿಯಬೇಕಾ ಅಂತ ತೀರ್ಮಾನಿಸಬೇಕಾದ ಹೊತ್ತು ಇದು, ಅಂಕಿ ಕೈಯಲ್ಲಿರಲಿ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ತಡ ಮಾಡಬೇಡಿ. ಚೆಕ್ ಎಂಜಿನ್ ದೀಪ ಸುಮ್ನೆ ಹತ್ತಿರುವುದು ಬೇರೆ, ಮಿಣುಕುವುದು ಬೇರೆ. ಮಿಣುಕುತ್ತಿದ್ದರೆ ಆಕ್ಸಿಲರೇಟರ್ ಬಿಟ್ಟು, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಜಾಲರಿ ಶಾಖಕ್ಕೆ ಕರಗಿಯೇ ಹೋಗಬಹುದು. ಅದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹಗಳಿರುತ್ತವೆ. ಒಂದು ಪ್ಲಗ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಹತ್ತಾರು ಪಟ್ಟು ಬೆಳೆಯುವುದು ಹೀಗೆ.

ಗ್ಯಾರೇಜಿಗೆ ಹೋಗುವ ಮುಂಚೆ ಬ್ಯಾಟರಿ ಬಿಚ್ಚಿ ದೀಪ ಆರಿಸಬೇಡಿ. ಕೋಡ್ ಬಿದ್ದ ಹೊತ್ತಿನ ಎಂಜಿನ್ ವೇಗ, ಬಿಸಿ, ಲೋಡ್ ಎಲ್ಲವೂ ಕಂಪ್ಯೂಟರ್‌ನಲ್ಲಿ ದಾಖಲಾಗಿರುತ್ತವೆ. ಅಳಿಸಿದರೆ ಮೆಕ್ಯಾನಿಕ್ ಮೊದಲಿನಿಂದ ಹುಡುಕಬೇಕು, ಆ ಗಂಟೆಗಳಿಗೂ ನೀವೇ ದುಡ್ಡು ಕೊಡಬೇಕು. ಎಂಜಿನ್ ತಣ್ಣಗಿದ್ದಾಗ ಮಾತ್ರ ನಡುಗುತ್ತದೆಯಾ, ಮಳೆಯಲ್ಲಿ ಜಾಸ್ತಿಯಾ, ಏರು ಹತ್ತುವಾಗಲಾ, ಕೂಲೆಂಟ್ ಕಡಿಮೆಯಾಗುತ್ತಿದೆಯಾ ಅಂತ ಗಮನಿಸಿ ಚೀಟಿಯಲ್ಲಿ ಬರೆದುಕೊಂಡು ಹೋಗಿ.